ಮೋಹನದಾಸರು ಕೈ ಮುಗಿಯದ ದಿನ

ನಾಸಿಕದ ಕನ್ನಡ ಸಂಘದ ನಾಟಕಗಳಲ್ಲಿ ಕೃಷ್ಣನ ಪಾತ್ರ ಮೋಹನದಾಸರಿಗೇ ಮೀಸಲು. ಕಾರಣ ಸರಳ: ರಾಜ್ಯೋತ್ಸವದ ಊಟ ಅವರ ಹೋಟೆಲಿನಿಂದ ಬರುತ್ತದೆ. ಊಟ ಹಾಕುವ ಧಣಿಯನ್ನು ದ್ವಾರಪಾಲಕನನ್ನಾಗಿ ನಿಲ್ಲಿಸುವಷ್ಟು ಕೃತಘ್ನರು ಸಂಘದಲ್ಲಿ ಯಾರೂ ಇಲ್ಲ. ವರ್ಷ ಕಳೆದಂತೆ ಕೃಷ್ಣನ ಹೊಟ್ಟೆ ಮುಂದೆ ಬಂತು, ಪೀತಾಂಬರ ಉದ್ದವಾಯಿತು, ಚಪ್ಪಾಳೆ ಮಾತ್ರ ಕಡಿಮೆಯಾಗಲಿಲ್ಲ.

ಈ ಸಲ ಬ್ಯಾಂಕಿನಿಂದ ವರ್ಗವಾಗಿ ಬಂದ ಧಾರವಾಡದ ರೇವಣಪ್ಪ ಎಡವಟ್ಟು ಮಾಡಿದರು. ತಾವೇ ಬರೆದ ನಾಟಕ ತಂದರು. ಅದರಲ್ಲಿ ಕಿರೀಟವಿಲ್ಲ, ಕೊಳಲಿಲ್ಲ. ಇರುವುದು ಒಬ್ಬ ಗಂಡ. ಹೊಡೆಯುವುದಿಲ್ಲ, ಕೂಗಾಡುವುದಿಲ್ಲ. ನಾಲ್ಕು ಜನರೆದುರು ನಗುನಗುತ್ತಲೇ ಹೆಂಡತಿಯನ್ನು ದಡ್ಡಿ ಮಾಡಿ, ಕೊನೆಗೆ ಅವಳು ಬಾಯಿ ತೆರೆಯುವುದನ್ನೇ ಬಿಡುವಂತೆ ಮಾಡುತ್ತಾನೆ. ಆ ಗಂಡನ ಪಾತ್ರ ಮಾಡಲು ಮೋಹನದಾಸರಿಗೆ ಮನಸ್ಸಿರಲಿಲ್ಲ. ಆದರೆ ಸಂಭಾಜಿನಗರದಲ್ಲಿ ಹೊರನಾಡ ಕನ್ನಡಿಗರ ನಾಟಕ ಸ್ಪರ್ಧೆ ಎಂದಾಗ ಆಸೆ ಹುಟ್ಟಿತು. ಇಷ್ಟು ವರ್ಷದ ಚಪ್ಪಾಳೆ ತನಗೋ, ಬಿಸಿಬೇಳೆಬಾತಿಗೋ ಎಂಬ ಅನುಮಾನ ಅವರನ್ನು ಒಳಗೊಳಗೇ ಕೊರೆಯುತ್ತಿತ್ತು. ಆ ಊರಿನಲ್ಲಿ ಅವರ ಉಪ್ಪು ತಿಂದವರಿರಲಿಲ್ಲ.

ನಾಸಿಕದ ಮೊದಲ ಪ್ರದರ್ಶನದಲ್ಲೇ ಮಾನ ಹೋಯಿತು. ಹೆಂಡತಿಯ ಪಾತ್ರದ ನೀರಜಾ ಅತ್ತ ಅಳುವಿಗೆ ಮುಂದಿನ ಸಾಲಿನವರ ಮುಖ ಬಾಡಿತು. ಬಂದವರು ಮುಖ ಸಪ್ಪೆ ಮಾಡಿಕೊಂಡರೆ ಹೋಟೆಲಿನವರ ಜೀವ ತಡೆಯುತ್ತದೆಯೇ? ಮೋಹನದಾಸರು ರಂಗದ ಅಂಚಿಗೆ ಬಂದು ಕೈ ಮುಗಿದು, ಹಲ್ಲು ಕಿರಿದು, "ಬೇಜಾರ್ ಮಾಡ್ಬೇಡಿ, ಇದು ಬರೇ ಪಾತ್ರ. ಊಟ ಮಾಡಿಯೇ ಹೋಗ್ಬೇಕು" ಎಂದುಬಿಟ್ಟರು. ಸಭೆ ಗೊಳ್ಳೆಂದು ನಕ್ಕಿತು. ನಾಟಕ ಅಲ್ಲಿಗೇ ಸತ್ತಿತು.

"ಸಾಹೇಬ್ರ, ಅಲ್ಲಿ ಕೈ ಮುಗದ್ರಿ ಅಂದ್ರ ನಾ ಪರದಾ ಇಳಸೇಬಿಡ್ತೀನ್ರಿ," ಎಂದರು ರೇವಣಪ್ಪ. "ಜನಾ ನಿಮ್ಮನ್ನ ಬೈಕೋತ ಮನಿಗೆ ಹೋಗ್ಬೇಕ್ರಿ."

ಸಂಭಾಜಿನಗರದಲ್ಲಿ ಅದೇ ಗಳಿಗೆ ಬಂತು. ಕೈಗಳು ತಾವಾಗಿಯೇ ಮೇಲೇಳತೊಡಗಿದವು. ಮೋಹನದಾಸರು ಅವನ್ನು ಪ್ಯಾಂಟಿನ ಜೇಬಿಗೆ ತುರುಕಿದರು. ಅಳುತ್ತಿದ್ದ ನೀರಜಾಳನ್ನು ತೋರಿಸಿ, ನಾಟಕದೊಳಗಿನ ಅತಿಥಿಗಳಿಗೆ ರೇವಣಪ್ಪ ಬರೆದಿರದ ಒಂದು ಮಾತನ್ನು ಅಕ್ಕರೆಯಿಂದಲೇ ಹೇಳಿದರು: "ಪಾಪ, ಅವಳಿಗೆ ಎಂತ ಗೊತ್ತಾಗ್ತದೆ? ನೀವು ಮಾತಾಡಿ."

ಯಾರೂ ನಗಲಿಲ್ಲ. ಪರದೆ ಬಿದ್ದ ಮೇಲೆ ಸೆಲ್ಫಿಗೆ ಎಲ್ಲರೂ ನೀರಜಾಳನ್ನು ಮುತ್ತಿಕೊಂಡರು. ಮೋಹನದಾಸರ ಹತ್ತಿರ ಬಂದವರು ಒಬ್ಬ ಅಜ್ಜಿ ಮಾತ್ರ, ಅವರೂ ದುರುಗುಟ್ಟಿ ನೋಡಿ ಹೋದರು. ಮೋಹನದಾಸರಿಗೆ ಸ್ವರ್ಗಕ್ಕೆ ಮೂರೇ ಗೇಣು. ಬಿಸಿಬೇಳೆಬಾತಿನ ಹಂಗಿಲ್ಲದೆ ಒಬ್ಬರಾದರೂ ತನ್ನನ್ನು ನಟನೆಂದು ನಂಬಿದರಲ್ಲ!

ಬಣ್ಣದ ಕೋಣೆಗೆ ಹೆಂಡತಿ ಹರಿಣಾಕ್ಷಿ ಬಂದಾಗ ಅವರಿಗೆ ತಡೆಯಲಾಗಲಿಲ್ಲ. "ಹೇಗಿತ್ತು? ಆ ಮಾತು ಉಂಟಲ್ಲ, ಅದು ರೇವಣಪ್ಪನವರದ್ದಲ್ಲ. ನನ್ನದೇ, ಸ್ವಂತದ್ದು."

"ಗೊತ್ತುಂಟು," ಎಂದರು ಹರಿಣಾಕ್ಷಿ. "ಮದುವೆ ಆದಲ್ಲಿಂದ ಕೇಳ್ತಾ ಇದ್ದೇನಲ್ಲ."

ಹೊರಗೆ ಮೈಕಿನಲ್ಲಿ ಶ್ರೇಷ್ಠ ನಟನ ಹೆಸರು ಕೂಗಿದರು. ಕರೆದದ್ದು ಮೋಹನದಾಸರನ್ನೇ. ಎದ್ದು ಹೋಗಲು ಅವರಿಗೆ ನಾಚಿಕೆಯಾಯಿತು.