ಬಾಯಿ ಬಿಟ್ಟ ಗೋಲ್‌ಕೀಪರ್

ಕ್ಲಬ್ಬಿನ ಗೋಲು ಕಾಯುತ್ತಿದ್ದ ಅವನನ್ನು ಆಟಗಾರರೆಲ್ಲ ಮೌನಿ ಎಂದೇ ಕರೆಯುತ್ತಿದ್ದರು. ಗೋಲ್‌ಕೀಪರನಾದವನು ಹಿಂದಿನಿಂದ ಕೂಗಿ ಕೂಗಿ ತಂಡವನ್ನು ಎಚ್ಚರಿಸುತ್ತಿರಬೇಕು. ಇವನು ಚೆಂಡು ಎತ್ತಲಿಂದ ಬಂದರೂ ಹಾರಿ ಹಿಡಿಯುತ್ತಿದ್ದ. "ನಿನ್ನ ಹಿಂದೆ ಆಳು ಇದಾನೆ ನೋಡೋ" ಎನ್ನಲು ಮಾತ್ರ ಬಾಯೇ ಬರುತ್ತಿರಲಿಲ್ಲ. ಕೋಚ್ ಬೈದು ಬೈದು ಸೋತು ಸುಮ್ಮನಾದರು. ಕೊನೆಗೆ ಭುಜ ಕೈಕೊಟ್ಟು ಆಟ ನಿಂತಿತು. ಹಗಲೆಲ್ಲ ಟೀವಿ ಮುಂದೆ ಕೂತ ಗಂಡನನ್ನು ಹೆಂಡತಿ ಒಂದಷ್ಟು ದಿನ ಸಹಿಸಿಕೊಂಡಳು.

ಅವನ ಅಕ್ಕ ಕಣ್ಣು ಕಾಣದ ಹುಡುಗಿಯರ ಶಾಲೆಯಲ್ಲಿ ಟೀಚರ್. ಒಂದು ಸಂಜೆ ಬಂದವಳೇ, "ನಮ್ಮ ಹುಡುಗೀರು ಫುಟ್‌ಬಾಲ್ ಆಡ್ತೀವಿ ಅಂತ ತಲೆ ತಿಂತಿದಾರೆ ಕಣೋ. ಒಳಗೆ ಗಿಲಕಿ ಇರೋ ಚೆಂಡು ಸಿಕ್ಕಿದೆ. ಗೋಲಿಗೆ ಮಾತ್ರ ಕಣ್ಣಿರೋರೇ ನಿಲ್ಲಬೇಕಂತೆ. ನೀನು ಬಾ" ಅಂದಳು.

"ನಾಳೆ ನೋಡೋಣ ಅಕ್ಕ."

"ನಾಳೆ ಯಾಕ್ರೀ? ಈಗ್ಲೇ ಹೋಗಿ. ಶೂ ಬಾಗಿಲಲ್ಲೇ ಇಟ್ಟಿದೀನಿ" ಎಂದಳು ಹೆಂಡತಿ, ಒಳಗಿನಿಂದ.

ಶಾಲೆಯ ಹಿಂದಿನ ಸಿಮೆಂಟು ಅಂಗಳದಲ್ಲಿ ಚೆಂಡು ಗಲಗಲ ಎನ್ನುತ್ತ ಉರುಳುತ್ತಿತ್ತು. ಎರಡು ಜಡೆಯ ಹುಡುಗಿಯೊಬ್ಬಳು ಆ ಸದ್ದಿನ ಹಿಂದೆ ಓಡಿಬಂದು, ಇವನ ಹೊಟ್ಟೆಗೇ ಡಿಕ್ಕಿ ಹೊಡೆದು ಕುಕ್ಕರಿಸಿದಳು.

"ಇದೇನು, ಕಂಬಾನಾ?"

"ಅಲ್ಲ... ನಾನು. ಗೋಲ್‌ಕೀಪರ್."

"ಮೊದಲೇ ಹೇಳಬಾರದಾ ಅಂಕಲ್? ನೀವು ಮಾತಾಡದಿದ್ರೆ ನಮ್ಮ ಪಾಲಿಗೆ ನೀವು ಇಲ್ಲವೇ ಇಲ್ಲ."

ಉಳಿದವರು ಕಿಸಕ್ಕನೆ ನಕ್ಕರು. ಅವನಿಗೂ ನಗು ಬಂತು. ಅವಳ ಮೊಣಕೈ ತರಚಿದ್ದು ಕಂಡಾಗ ಮಾತ್ರ ನಗು ನಿಂತಿತು. ಅವಳು ಮತ್ತೆ ಓಡಿಬಂದಾಗ "ಎಡಕ್ಕೆ" ಎಂದ, ತನಗೇ ಕೇಳಿಸದಷ್ಟು ಮೆಲ್ಲಗೆ.

"ಏನಂದ್ರಿ? ಜೋರಾಗಿ ಹೇಳಿ."

"ಎಡಕ್ಕಮ್ಮಾ, ಎಡಕ್ಕೆ. ಹಾಂ, ಈಗ ಒದಿ" ಎಂದು ಗಂಟಲು ಬಿಚ್ಚಿ ಕೂಗಿದ. ಇದು ತಮ್ಮನ ದನಿಯೇ ಎಂದು ಅಕ್ಕ ಕಿಟಕಿಯಿಂದ ತಲೆ ಹಾಕಿ ನೋಡಿದಳು.

ವಾರಕ್ಕೊಮ್ಮೆ ಬಂದರಾಯಿತು ಎಂದುಕೊಂಡವನು ದಿನಾ ಬರತೊಡಗಿದ. ಹಳೆಯ ಜೊತೆಗಾರರ ಬೆನ್ನು ಬಿದ್ದು ಪ್ರದರ್ಶನ ಪಂದ್ಯವೊಂದನ್ನು ಆಡಿಸಿದ. ಬಂದ ಹಣದಲ್ಲಿ ಅಂಗಳಕ್ಕೆ ಕೃತಕ ಹುಲ್ಲಿನ ಹಾಸು, ಸುತ್ತಲ ಗೋಡೆಗೆ ಮೆತ್ತೆ ಬಂದವು. ನಿವೃತ್ತರಾಗಿ ಮನೆಯಲ್ಲಿ ನೊಣ ಹೊಡೆಯುತ್ತಿದ್ದ ಗೋಲ್‌ಕೀಪರುಗಳನ್ನು ಹುಡುಕಿ ಹಿಡಿದು, ಅಕ್ಕಪಕ್ಕದ ಊರುಗಳ ಅಂಥ ಶಾಲೆಗಳಿಗೂ ಕಳಿಸಿದ. ಅಲ್ಲೂ ತಂಡಗಳಾದವು.

ಹೊರಗೆ ಹೋಗಿ ಆಡಿದ ಮೊದಲ ಪಂದ್ಯದಲ್ಲಿ ಅಕ್ಕನ ಹುಡುಗಿಯರು ಸೋತರು. ವಾಪಸು ಬರುವಾಗ ಬಸ್ಸಿನಲ್ಲಿ ಯಾರೂ ಅಳಲಿಲ್ಲ. ಮುಂದಿನ ಪಂದ್ಯದಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ದಾರಿಯುದ್ದಕ್ಕೂ ಕಿತ್ತಾಡಿದರು. ನಡುವೆ ಕೂತು ಅವನೂ ಅವರ ಸಮಕ್ಕೆ ವಾದಿಸುತ್ತಿದ್ದ.