ಸುಕೈನಾ ಅಕ್ಕ ಹೆಸರು ಕೆಡಿಸಿಕೊಂಡ ವರ್ಷ

ಸುಕೈನಾ ಅಕ್ಕ ನನ್ನ ಸವತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾನು ಅವಳನ್ನು ಹೊಗಳುವುದು ಕೇಳಿ ಒಡಹುಟ್ಟಿದವಳೇ ಇರಬೇಕು ಎಂದು ನೀವು ತಪ್ಪು ತಿಳಿದೀರಿ. ಕಾವ್ಲಾಕ್ ಊರಿನಲ್ಲಿ ಅವಳನ್ನು ನನ್ನಷ್ಟು ದ್ವೇಷಿಸಿದವರು ಇನ್ನೊಬ್ಬರಿಲ್ಲ. ಅದೇ ನನಗೆ ಇವತ್ತು ಅವಳ ಮಾತು ತೆಗೆದರೆ ಮೈ ಜುಮ್ಮೆನ್ನುತ್ತದೆ.

ಅವಳು ನದಿ ದಡದ ಒಣಮೀನಿನ ವ್ಯಾಪಾರದವರ ಮಗಳು. ಶಾಲೆಯ ಬಾಗಿಲು ಕಂಡವಳಲ್ಲ. ಹದಿನೆಂಟಕ್ಕೆ ದರ್ಜಿ ಮಸಾಂಬಾನ ಕೈಹಿಡಿದು ಈ ಮನೆಗೆ ಬಂದಳು. ಬಂದ ವರ್ಷದಲ್ಲೇ ಕೇರಿಗೆಲ್ಲ ಹೆಸರಾದಳು, ಅಡುಗೆಯಿಂದ. ಅವಳು ಟೊಮೇಟೊ ಹಾಕಿ ಕೆಂಪಗೆ ಬೇಯಿಸುವ ಮೀನಿನ ಅನ್ನವಿದೆಯಲ್ಲ, ಅದರ ವಾಸನೆ ಎದ್ದಿತೆಂದರೆ ಮಧ್ಯಾಹ್ನದ ನಮಾಜು ಮುಗಿಸಿ ಹೊರಟ ಗಂಡಸರು ಒಬ್ಬೊಬ್ಬರಾಗಿ ದಾರಿ ತಪ್ಪಿ ನಮ್ಮ ಅಂಗಳಕ್ಕೆ ಬರುತ್ತಿದ್ದರು. ಒಬ್ಬನಿಗೆ ಅಂಗಿಯ ಗುಂಡಿ ಹೊಲಿಸಬೇಕು, ಇನ್ನೊಬ್ಬನಿಗೆ ಅತ್ತೆಯ ಆರೋಗ್ಯ ವಿಚಾರಿಸಬೇಕು. ಎಲ್ಲರ ಕಣ್ಣೂ ಒಲೆಯ ಮೇಲೆ!

ಹನ್ನೆರಡು ವರ್ಷದ ಮೇಲೆ ನಾನು ಎರಡನೆಯವಳಾಗಿ ಬಂದೆ. ಹೊಸ ಹೆಂಡತಿ ಹೊಸ್ತಿಲಿಗೆ ಬಂದಾಗ ಮೊದಲನೆಯವಳ ಗೆಳತಿಯರು ಸುತ್ತ ನಿಂತು ಹಾಡು ಕಟ್ಟಿ ಜರೆಯುವುದು ನಮ್ಮಲ್ಲಿ ವಾಡಿಕೆ. ನನಗೂ ಹಾಡಿದರು. "ನೀರು ಕಾಯಿಸಿದ್ರೂ ತಳ ಹಿಡಿಸೋಳು ಬಂದ್ಳು, ಮಸಾಂಬಾ, ಹೊಟ್ಟೆಗೆ ಒದ್ದೆ ಬಟ್ಟೆ ಕಟ್ಕೊಳಪ್ಪಾ!" ಎಲ್ಲರೂ ಬಿದ್ದುಬಿದ್ದು ನಕ್ಕರು. ನಾನೂ ನಕ್ಕೆ. ಒಳಗೊಳಗೇ ಹಲ್ಲು ಕಚ್ಚಿ, ಇವಳ ಹೆಸರನ್ನು ಇದೇ ಅಂಗಳದಲ್ಲಿ ಮಣ್ಣು ಮಾಡದಿದ್ದರೆ ನಾನು ಆಸ್ತುವೇ ಅಲ್ಲ ಎಂದುಕೊಂಡೆ.

ಎರಡು ದಿನ ಅಕ್ಕನ ಪಾಳಿ, ಎರಡು ದಿನ ನನ್ನದು. ಪಾಳಿಯವಳ ಕೈಗೆ ಗಂಡ ಬೆಳಿಗ್ಗೆ ಮೂರು ಸಾವಿರ ಫ್ರಾಂಕ್ ಖರ್ಚಿಗೆ ಕೊಡುತ್ತಿದ್ದ. ಅದರಲ್ಲೇ ಮೀನು, ತರಕಾರಿ, ಅಕ್ಕಿ, ಎಣ್ಣೆ, ಇದ್ದಿಲು. ಉಣ್ಣುವ ಬಾಯಿ ಹನ್ನೊಂದು. ಇಷ್ಟರಲ್ಲಿ ಅಕ್ಕನನ್ನು ಸೋಲಿಸುವುದು ಆಗದ ಮಾತು. ಅದಕ್ಕೆ ನಾನು ಮೂಲೆ ಅಂಗಡಿಯ ಬಾರಿ ಎಂಬವನ ಹತ್ತಿರ ಗಂಡನಿಗೆ ತಿಳಿಯದಂತೆ ಸಾಲ ಬರೆಸಿ ಎರಡನೇ ಡಬ್ಬ ಟೊಮೇಟೊ, ಇನ್ನೊಂದು ಸೀಸೆ ಎಣ್ಣೆ ತರುತ್ತಿದ್ದೆ. ನನ್ನ ತಟ್ಟೆ ಮಿನುಗಿತೆಂದರೆ ಅಕ್ಕ ತನ್ನ ಪಾಳಿಯಲ್ಲಿ ದೊಡ್ಡ ಮೀನು ತರುವಳು. ಹೀಗೆ ಒಂದು ವರ್ಷ ನಮ್ಮ ಜಗಳವನ್ನು ಮನೆಯವರು ಚಪ್ಪರಿಸಿಕೊಂಡು ತಿಂದರು.

ಮನೆಯ ಸಾಲದಲ್ಲಿ, ಸುಳ್ಳು ಯಾಕೆ ಹೇಳಲಿ, ದೊಡ್ಡ ಪಾಲು ನನ್ನದೇ. ಟಗರು ಕೊಯ್ಯುವ ತಬಸ್ಕಿ ಹಬ್ಬಕ್ಕೆ ಮನೆಗೊಂದು ಟಗರು ಸಾಕಾಗಿತ್ತು. ನಾನು ಹಟ ಹಿಡಿದೆ. "ಅವಳ ಟಗರಿನ ತೊಡೆ ನನ್ನ ತವರಿಗೆ ಕಳಿಸ್ಬೇಕಾ? ನನಗೆ ಬೇರೆ ಟಗರು ಬೇಕು. ಕೊಂಬು ಅವಳದಕ್ಕಿಂತ ದೊಡ್ಡದಿರ್ಬೇಕು!" ಮಸಾಂಬಾ ಆಗಷ್ಟೇ ಬಟ್ಟೆ ವ್ಯಾಪಾರಿ ಹಾಜಿ ಮೊಮಾರನಿಂದ ಕಂತಿನ ಮೇಲೆ ಕಸೂತಿ ಯಂತ್ರ ತಂದಿದ್ದ. ಕಂತಿಗೆ ತೆಗೆದಿಟ್ಟಿದ್ದ ದುಡ್ಡು ನನ್ನ ಟಗರಿನ ಕೊಂಬಿಗೆ ಹೋಯಿತು.

ಹಬ್ಬ ಮುಗಿದ ವಾರಕ್ಕೆ, ನಾನು ತವರಿಗೆ ತೊಡೆ ಹೊತ್ತುಕೊಂಡು ಮೆರೆಯಲು ಹೋಗಿದ್ದಾಗ, ಹಾಜಿ ಮನೆಗೆ ಬಂದಿದ್ದನಂತೆ. ಅಂಗಳದಲ್ಲಿ ನಿಂತು, "ಮಸಾಂಬಾ, ಇನ್ನೂ ಎರಡು ಲಕ್ಷದ ನಲವತ್ತು ಸಾವಿರ ಬಾಕಿ. ಮುಂದಿನ ತಬಸ್ಕಿಗೆ ಒಂದು ತಿಂಗಳು ಇರೋ ಹೊತ್ತಿಗೆ ಪೂರ್ತಿ ಬರ್ಲಿಲ್ಲ ಅಂದ್ರೆ ಯಂತ್ರ ನನ್ನ ಅಂಗಡಿಗೆ ವಾಪಸ್" ಎಂದನಂತೆ. ದರ್ಜಿಯ ವರ್ಷದ ಸಂಪಾದನೆಯೆಲ್ಲ ಹಬ್ಬದ ಬಟ್ಟೆ ಹೊಲಿಯುವ ಆ ಒಂದು ತಿಂಗಳಲ್ಲೇ. ಆಗ ಯಂತ್ರ ಹೋದರೆ ಹನ್ನೊಂದು ಬಾಯಿಗೂ ಬೀಗ. ಗಂಡ "ನೋಡೋಣ ಹಾಜಿ" ಎಂದು ನಕ್ಕು ಕಳಿಸಿ, ಆಮೇಲೆ ಸಂಜೆಯವರೆಗೆ ಸೂಜಿಗೆ ದಾರ ಪೋಣಿಸಲಾಗದೆ ಕೂತಿದ್ದನಂತೆ. ಅಕ್ಕ ಒಲೆಯ ಹತ್ತಿರ ಎಲ್ಲವನ್ನೂ ಕೇಳಿಸಿಕೊಂಡು ಕೇಳದವಳಂತೆ ಇದ್ದಳು. ಇದೆಲ್ಲ ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ನಿಮಗೆ ಈಗಲೇ ಹೇಳುತ್ತಿದ್ದೇನೆ, ನಾನು ಎಂಥ ಪೆದ್ದಿಯಾಗಿದ್ದೆ ಎಂದು ನೀವು ಚೆನ್ನಾಗಿ ನೋಡಲಿ ಅಂತ.

ನಾನು ತವರಿಂದ ಬಂದ ಮರುದಿನ ಅಕ್ಕನ ಪಾಳಿ. ಚಾಪೆ ಹಾಸಿ ದೊಡ್ಡ ತಟ್ಟೆ ಇಟ್ಟಳು. ಎಲ್ಲರೂ ಸುತ್ತ ಕೂತೆವು. ಮುಚ್ಚಳ ತೆಗೆದರೆ ಶೇಂಗಾ ಪುಡಿ ಹಾಕಿ ಮುದ್ದೆಯ ಹಾಗೆ ಬೇಯಿಸಿದ ಅನ್ನ, ಮೇಲೆ ಒಂದಿಷ್ಟು ಒಣಮೀನಿನ ಚೂರು, ಪುಂಡಿ ಸೊಪ್ಪಿನ ಹುಳಿ. ಅಷ್ಟೇ. ಅತ್ತೆ ಕೈ ತೊಳೆದವಳು ಹಾಗೇ ಕೂತುಬಿಟ್ಟಳು.

"ಏನೇ ಇದು ಸುಕೈನಾ? ಮನೆಯಲ್ಲಿ ಯಾರಾದ್ರೂ ಸತ್ತಿದಾರಾ?"

"ಬಾಯಿಗೆ ಒಗ್ಗರಣೆ ಜಾಸ್ತಿ ಆಗಿತ್ತು ಅತ್ತೆ. ಒಂದೆರಡು ದಿನ ಹಗುರವಾಗಿ ಉಣ್ಣೋಣ" ಎಂದಳು ಅಕ್ಕ.

ಒಂದೆರಡು ದಿನ ಎಂದದ್ದು ತಿಂಗಳುಗಟ್ಟಲೆ ನಡೆಯಿತು. ಅವಳ ಪಾಳಿಯೆಂದರೆ ಮೀನಿನ ತಲೆಗಳು, ಸಜ್ಜೆ ನುಚ್ಚು, ಶೇಂಗಾ ಸಾರು. ದಾರಿ ತಪ್ಪಿ ಬರುತ್ತಿದ್ದ ಗಂಡಸರಿಗೆಲ್ಲ ದಾರಿ ಸರಿಹೋಯಿತು. ಅವಳಿಗಾಗಿ ಹಾಡಿದ ಗೆಳತಿಯರೇ ನಲ್ಲಿಯ ಹತ್ತಿರ, "ಪಾಪ, ಸುಕೈನಾಳ ಕೈ ಹೋಯ್ತು ಕಣೇ" ಎಂದು ಮಾತಾಡಿಕೊಂಡರು. ನನ್ನ ಸಂಭ್ರಮ ಕೇಳಬೇಡಿ! ನಾನು ಬಾರಿಯ ಅಂಗಡಿಯಲ್ಲಿ ಇನ್ನಷ್ಟು ಸಾಲ ಬರೆಸಿ ಇನ್ನೂ ದೊಡ್ಡ ಮೀನು ತಂದೆ. ಅಂಗಳದಲ್ಲಿ ಎಲ್ಲರಿಗೂ ಕೇಳಿಸುವಂತೆ, "ನೀರು ಕಾಯಿಸಿದ್ರೂ ತಳ ಹಿಡಿಸೋಳು ಯಾರು ಅಂತ ಈಗ ಗೊತ್ತಾಯ್ತಲ್ಲ!" ಎಂದೆ. ಅಕ್ಕ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

ಅವಳ ಮೌನ ನನಗೆ ಇನ್ನೂ ಉರಿ ಹತ್ತಿಸಿತು. ಮೂರು ಸಾವಿರ ಕೈಗೆ ಬರುತ್ತದೆ, ತಟ್ಟೆಗೆ ಬೀಳುವುದು ಎರಡು ಸಾವಿರ. ಉಳಿದದ್ದು ಎಲ್ಲಿ? ಕಳ್ಳಿ, ಹಬ್ಬಕ್ಕೆ ಗುಟ್ಟಾಗಿ ರೇಷ್ಮೆ ನಿಲುವಂಗಿ ಹೊಲಿಸುತ್ತಿದ್ದಾಳೆ, ನನ್ನ ಕಣ್ಣಿಗೆ ಮಣ್ಣೆರಚುತ್ತಿದ್ದಾಳೆ ಎಂದು ಗಟ್ಟಿ ಮಾಡಿಕೊಂಡೆ. ಹಬ್ಬ ಕಳೆದು ಐದೂವರೆ ತಿಂಗಳಾಗಿತ್ತು. ಒಂದು ಬೆಳಿಗ್ಗೆ ಅವಳು ಸಂತೆಗೆ ಹೊರಟಾಗ ಹಿಂದೆಯೇ ಹೋದೆ.

ಮೀನಿನ ಕಟ್ಟೆಯಲ್ಲಿ ಮಾರುವವಳು ಹಳೆಯ ಸಲಿಗೆಯಿಂದ ಮಾರುದ್ದದ ಮೀನು ಎತ್ತಿ ತೋರಿಸಿದಳು. ಅಕ್ಕ ಅದರ ಕಿವಿರು ಬಿಡಿಸಿ ನೋಡಿದಳು, ಬೆನ್ನು ಸವರಿದಳು, ಆಸೆಯಿಂದ ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಮೂರು ತಲೆ ಕಟ್ಟಿಸಿಕೊಂಡು ಹೊರಟಳು. ಅಲ್ಲಿಂದ ನೇರ ಹಾಜಿ ಮೊಮಾರನ ಬಟ್ಟೆ ಅಂಗಡಿಗೆ. ಸಿಕ್ಕಿಬಿದ್ದಳು ಎಂದು ನನ್ನ ಎದೆ ಕುಣಿಯಿತು! ಬಾಗಿಲ ಮರೆಯಿಂದ ಇಣುಕಿದೆ. ಅವಳು ಬಟ್ಟೆಯ ಕಡೆ ಕಣ್ಣು ಹಾಯಿಸಲೂ ಇಲ್ಲ. ಸೊಂಟದ ಗಂಟು ಬಿಚ್ಚಿ ಚಿಲ್ಲರೆ ಸುರಿದಳು. ಹಾಜಿ ಎಣಿಸಿ ಪುಸ್ತಕದಲ್ಲಿ ಬರೆದುಕೊಂಡ. ಅವಳು ಸಲಾಂ ಹೇಳಿ ಹೊರಬಂದಳು.

ರಸ್ತೆಯಲ್ಲಿ ತಡೆದೆ. "ಸಿಕ್ಕಿಬಿದ್ದೆಯಲ್ಲಕ್ಕಾ! ಯಾವ ಬಣ್ಣದ್ದು? ಎಷ್ಟು ಗಜ?"

"ಮೆಲ್ಲಗೆ ಮಾತಾಡು ಆಸ್ತು. ಬಟ್ಟೆ ಅಲ್ಲ. ಕಸೂತಿ ಯಂತ್ರದ ಬಾಕಿ" ಎಂದಳು. ಹಾಜಿ ಬಂದದ್ದು, ಗಡುವು ಕೊಟ್ಟದ್ದು, ಎಲ್ಲವನ್ನೂ ಹೇಳಿದಳು. ಟಗರಿನ ಮಾತು ಮಾತ್ರ ಎತ್ತಲಿಲ್ಲ. ಅದು ನನಗೆ ನಾನೇ ನೆನಪಾಯಿತು, ಕೊಂಬಿನ ಸಮೇತ.

"ಅವರಿಗೆ ಗೊತ್ತಾ?"

"ಗೊತ್ತಾದ್ರೆ ಬೇಡ ಅಂತಾರೆ. ಹೆಂಡ್ತಿ ಹೊಟ್ಟೆ ಕಟ್ಟಿ ಯಂತ್ರ ಬಿಡಿಸಿದ್ಳು ಅಂತ ನಾಲ್ಕು ಜನ ಅಂದ್ರೆ ಅವರು ತಲೆ ಎತ್ತಿ ಓಡಾಡ್ತಾರಾ?"

"ನನಗಾದ್ರೂ ಹೇಳ್ಬಹುದಿತ್ತಲ್ಲ!"

ಅವಳು ನನ್ನ ಮುಖ ನೋಡಿ ನಕ್ಕಳು. ಅದರಲ್ಲಿ ಕುಹಕ ಇರಲಿಲ್ಲ. "ನಿನ್ನ ಅಡುಗೆ ಇಳಿಸು ಅಂತ ಸವತಿ ಬಂದು ಹೇಳಿದ್ರೆ ನೀನು ಏನ್ ಮಾಡ್ತಿದ್ದೆ ಹೇಳು."

ಏನು ಮಾಡುತ್ತಿದ್ದೆ? ಹೊಟ್ಟೆಕಿಚ್ಚಿನವಳು ಎಂದು ಬೀದಿಗೆಲ್ಲ ಡಂಗುರ ಸಾರುತ್ತಿದ್ದೆ.

"ನನ್ನ ಪಾಳಿಯಲ್ಲಿ ದಿನಕ್ಕೆ ಒಂದು ಸಾವಿರ ಉಳಿಯುತ್ತೆ. ಗಡುವಿನ ಹೊತ್ತಿಗೆ ಒಂದು ಲಕ್ಷದ ಅರವತ್ತು ಸಾವಿರ ಆಗುತ್ತೆ" ಎಂದಳು.

"ಇನ್ನೂ ಎಂಬತ್ತು ಸಾವಿರ ಕಡಿಮೆ ಬೀಳುತ್ತಲ್ಲಕ್ಕಾ?"

"ಅದಕ್ಕೆ ದಾರಿ ಇದೆ" ಎಂದಳು, ಮೀನಿನ ತಲೆಗಳ ಬುಟ್ಟಿ ಹೊತ್ತು ನಡೆದಳು. ನೀನೂ ಉಳಿಸು ಎಂಬ ಒಂದು ಮಾತು ಅವಳ ಬಾಯಿಂದ ಬರಲಿಲ್ಲ.

ಅವತ್ತು ಮಧ್ಯಾಹ್ನ ತಟ್ಟೆಯ ಮುಂದೆ ಕೂತು ಮೊದಲ ಸಲ ಅವಳ ಕೈಯನ್ನು ನೋಡಿದೆ. ಮೂರು ತಲೆಗಳಿಂದ ಹನ್ನೊಂದು ಜನಕ್ಕೆ ಮೀನು ಬಿಡಿಸುತ್ತಿದ್ದಳು. ಕೆನ್ನೆಯ ಮೆತ್ತನೆಯ ಭಾಗ ಅತ್ತೆಯ ಮುಂದೆ, ಕಣ್ಣಿನ ಹಿಂದಿನದು ಗಂಡನ ಮುಂದೆ, ಮಕ್ಕಳಿಗೆ ಮುಳ್ಳು ನೋಡಿ ನೋಡಿ ಒಂದೊಂದು ಚೂರು. ನನ್ನ ಮುಂದೂ ಒಂದು ಚೂರು ತಳ್ಳಿದಳು. ಅವಳ ಮುಂದೆ ಬರೀ ಅನ್ನ. ಐದೂವರೆ ತಿಂಗಳು ಅದೇ ತಟ್ಟೆಯಲ್ಲಿ ಉಂಡಿದ್ದೇನೆ, ಇದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ! ಇಷ್ಟು ದೊಡ್ಡ ಹೆಸರನ್ನು ಇಷ್ಟು ಸದ್ದಿಲ್ಲದೆ ಕೆಳಗಿಟ್ಟಳಲ್ಲ, ಇವಳು ಎಂಥ ಹೆಂಗಸು ಎಂದು ನೋಡುತ್ತಲೇ ಕೂತೆ.

ಎರಡು ದಿನ ಬಿಟ್ಟು ನನ್ನ ಪಾಳಿ ಬಂತು. ಅಷ್ಟರಲ್ಲಿ ಕಿವಿಯ ಚಿನ್ನ ಮಾರಿ ಬಾರಿಯ ಅಂಗಡಿಯ ಸಾಲ ಚುಕ್ತಾ ಮಾಡಿದ್ದೆ. ಮೀನಿನ ಕಟ್ಟೆಯ ಮುಂದೆ ಮೂರು ಸಾವಿರ ಹಿಡಿದು ನಿಂತೆ. ಕೇರಿಯ ಮೊದಲ ಅಡುಗೆಯವಳು ಈಗ ನಾನು. ಈ ಹೆಸರಿಗಾಗಿ ಎಷ್ಟು ಒದ್ದಾಡಿದ್ದೆ, ಅದನ್ನು ಬಿಡಲು ಮನಸ್ಸೇ ಬರಲಿಲ್ಲ, ನಿಜ ಹೇಳುತ್ತೇನೆ. ಆದರೂ ಕೊನೆಗೆ, "ಮೂರು ತಲೆ ಕೊಡಮ್ಮಾ" ಎಂದೆ.

ಅತ್ತೆ ತಟ್ಟೆ ನೋಡಿ ತಲೆ ಚಚ್ಚಿಕೊಂಡಳು. "ಹೋಯ್ತು! ಒಬ್ಬಳ ರೋಗ ಇನ್ನೊಬ್ಬಳಿಗೂ ಅಂಟ್ತು!" ಮೀನು ಬಿಡಿಸುವುದು ಆವತ್ತು ನನ್ನ ಕೆಲಸ. ಎಲ್ಲರಿಗೂ ಹಂಚಿ ಮುಗಿಸಿದಾಗ ನನ್ನ ಮುಂದೆ ಬರೀ ಅನ್ನವಿತ್ತು. ಅಕ್ಕ ತನ್ನ ಚೂರನ್ನು ಎರಡು ಮಾಡಿ ಅರ್ಧವನ್ನು ನನ್ನ ಕಡೆ ತಳ್ಳಿದಳು. ನಾನು ಮುಖ ಮರೆಸಿ ಕಣ್ಣೊರೆಸಿಕೊಂಡೆ.

ಅಲ್ಲಿಂದ ಐದೂವರೆ ತಿಂಗಳು ನನ್ನ ಉಳಿತಾಯವೂ ಅಕ್ಕನ ಗಂಟಿಗೆ ಹೋಯಿತು. ಗಡುವಿಗೆ ಎರಡು ದಿನ ಇರುವಾಗ, "ಇವತ್ತು ಕೊನೇ ಸಲ, ನೀನೂ ಬಾ" ಎಂದು ಕರೆದಳು. ಹಾಜಿ ಎಣಿಸಿ ಮುಗಿಸಿ, ರಸೀದಿ ಬರೆದು, ಕನ್ನಡಕ ಏರಿಸಿ ನನ್ನನ್ನು ನೋಡಿದ.

"ನೀನೇ ಏನಮ್ಮ ಆಸ್ತು?"

"ಹೌದು. ನಿಮಗೆ ಹೇಗೆ ಗೊತ್ತು?"

ಅವನು ಪುಸ್ತಕದ ಹಿಂದಿನ ಹಾಳೆಗಳನ್ನು ತಿರುವಿ ನನ್ನ ಮುಂದೆ ಇಟ್ಟ. ನಾಲ್ಕನೇ ತರಗತಿಯವರೆಗೆ ಓದಿದ್ದೇನೆ, ಅಷ್ಟು ಓದಬಲ್ಲೆ. ತಾರೀಖು ಹಬ್ಬ ಕಳೆದ ವಾರದ್ದು. ನಾನು ತವರಲ್ಲಿ ಟಗರಿನ ತೊಡೆ ಮೆರೆಸುತ್ತಿದ್ದ ದಿನದ್ದು. ಹಾಳೆಯಲ್ಲಿ ಉದ್ದಕ್ಕೆ ಎರಡು ಪಟ್ಟಿ, ಎರಡು ಹೆಸರು. ಸುಕೈನಾ. ಆಸ್ತು. ಅವಳ ಹೆಸರಿನ ಕೆಳಗೆ ಸಾವಿರ, ಸಾವಿರ. ನನ್ನ ಹೆಸರಿನ ಕೆಳಗೆ ಖಾಲಿ. ಮುಂದಿನ ಹಾಳೆಯಲ್ಲೂ ಖಾಲಿ. ಅದರ ಮುಂದಿನದೂ ಖಾಲಿ. ನಾನು ಅವಳನ್ನು ಆಡಿಕೊಂಡ, ಕಳ್ಳಿ ಎಂದ ದಿನಗಳೆಲ್ಲ ಅಲ್ಲಿ ಸಾಲಾಗಿ ಖಾಲಿ ಕೂತಿದ್ದವು.

"ನಾನು ನಿಮ್ಮ ಮನೆಗೆ ಬಂದು ಹೋದ ಸಂಜೆಯೇ ಬಂದ್ರು ಇವರು" ಎಂದ ಹಾಜಿ. "ನಮ್ಮ ಮನೆಯಿಂದ ಇಬ್ಬರು ಕಟ್ತೀವಿ, ಎರಡೂ ಹೆಸರು ಬರ್ಕೊಳಿ ಅಂದ್ರು. ಇನ್ನೊಬ್ಬರು ಎಲ್ಲಮ್ಮಾ ಅಂತ ಕೇಳಿದೆ. ಬರ್ತಾಳೆ, ಸ್ವಲ್ಪ ತಡ ಆಗುತ್ತೆ ಅಂದ್ರು."

ಹೊರಗೆ ಬಂದೆವು. ಅಕ್ಕ ರಸೀದಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಇದನ್ನ ಯಂತ್ರದ ಹೊದಿಕೆ ಕೆಳಗೆ ಇಡ್ತೀನಿ. ಅವರೇ ನೋಡ್ಕೊಳ್ತಾರೆ. ನಾವು ಬಾಯಿ ಬಿಡೋದು ಬೇಡ."

"ಅಕ್ಕಾ, ನಾನು ಬರದೇ ಇದ್ದಿದ್ರೆ?"

"ಬಂದೆಯಲ್ಲ" ಎಂದಳು. ಆಮೇಲೆ ಖಾಲಿ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು. "ನಡಿ, ಇವತ್ತು ನನ್ನ ಪಾಳಿ. ಒಳ್ಳೇ ಮೀನೆಲ್ಲ ಖಾಲಿಯಾಗಿಬಿಡುತ್ತೆ."