ಚೈತ್ರಾಳ ಕುರಿಗೆ ಮಲ್ಲಕ್ಕನ ಗುರುತು

ಕುರಿ ಸಾಕುವವರ ಮನೆಯಲ್ಲೇ ಹುಟ್ಟಿ ಬೆಳೆದ ಚೈತ್ರಾಳಿಗೆ ಕುರಿಯ ಹಿಂಗಾಲು ಹೇಗೆ ಮಡಚುತ್ತದೆಂದು ಗೊತ್ತಿರಲಿಲ್ಲ. ನಗಬೇಡಿ. ದಿನಾ ಕಣ್ಣೆದುರಿಗಿರುವುದನ್ನು ಯಾರು ನೋಡುತ್ತಾರೆ? ಸಾಲದ್ದಕ್ಕೆ ಧರ್ಮಪುರದ ಈ ಹುಡುಗಿ ಚಿಕ್ಕಂದಿನಿಂದಲೂ ಕುರಿವಾಸನೆಗೆ ಮೂಗು ಮುಚ್ಚಿಕೊಂಡೇ ಓಡಾಡಿದವಳು.

ಈಗ ಅವಳಿಗೆ ಇಪ್ಪತ್ತೊಂಬತ್ತು. ಹಿರಿಯೂರಿನ ಫೋಟೊ ಸ್ಟುಡಿಯೋದಲ್ಲಿ ಕೂತು, ತಾಲ್ಲೂಕು ದಾಟದ ಮದುಮಕ್ಕಳನ್ನು ಕಂಪ್ಯೂಟರಿನಲ್ಲಿ ಹಿಮಾಲಯದ ಮುಂದೆ ನಿಲ್ಲಿಸುವುದು ಅವಳ ಕೆಲಸ. ಅದು ಸಾಕಾಗಿ, ಭಾನುವಾರಗಳಲ್ಲಿ ಬಸ್ಸು ಹಿಡಿದು ದುರ್ಗಕ್ಕೆ ಹೋಗಿ ಲಕ್ಷ್ಮೀಕಾಂತ್ ಮೇಷ್ಟ್ರ ಹತ್ತಿರ ತ್ರೀಡಿ ಕಲಿಯುತ್ತಿದ್ದಳು. ಎಲ್ಲ ಕಡೆಯಿಂದಲೂ ತಿರುಗಿಸಿ ನೋಡುವಂಥ ಪ್ರಾಣಿಯನ್ನು ಪರದೆಯ ಮೇಲೆ ಮಾಡಿ, ಅದನ್ನು ನಡೆಸುವ ವಿದ್ಯೆ. ಪಶುವೈದ್ಯ ವಿದ್ಯಾರ್ಥಿಗಳ ಪಾಠಕ್ಕೆ ಇಂಥ ಪ್ರಾಣಿಗಳನ್ನು ಮಾಡಿಕೊಡುವ ಕೆಲಸ ಮೇಷ್ಟ್ರಿಗೆ ಸಿಕ್ಕಿತ್ತು. ಅವಳ ಕುರಿ ಒಪ್ಪಿಗೆಯಾದರೆ ಅವಳಿಗೂ ಅಲ್ಲಿ ಜಾಗ. ಎರಡು ಸಲ ಮೇಷ್ಟ್ರು ತಲೆಯಾಡಿಸಿದ್ದರು.

"ಇದು ಕುರಿ ಅಲ್ಲಮ್ಮ, ಉಣ್ಣೆ ಹೊದ್ದ ಬಲೂನು. ಇನ್ನೊಂದೇ ಸಲ ನೋಡ್ತೀನಿ."

ಮುಖ ಸಣ್ಣದು ಮಾಡಿಕೊಂಡು ಊರಿಗೆ ಬಂದವಳ ಲ್ಯಾಪ್‌ಟಾಪಿಗೆ ಸೋದರತ್ತೆ ಮಲ್ಲಕ್ಕ ಇಣುಕಿದಳು. ನಲವತ್ತು ವರ್ಷ ಕುರಿ ಕಾಯ್ದ ಹೆಂಗಸು.

"ಏನೇ ಇದು, ಕಟ್ಟೆ ಮ್ಯಾಲೆ ಕುಂತಿದ್ದೋನು ಸೊಂಟ ಹಿಡ್ಕಂಡು ಎದ್ದಂಗೆ ನಡೀತೈತೆ?"

ಚೈತ್ರಾಳ ಕಣ್ಣು ತುಂಬಿತು. ಮಲ್ಲಕ್ಕ ಸಮಾಧಾನ ಹೇಳುವ ಪೈಕಿಯಲ್ಲ. ರಟ್ಟೆ ಹಿಡಿದು ಕುರಿ ಕೂಡುವ ರೊಪ್ಪದೊಳಗೆ ಎಳೆದುಕೊಂಡು ಹೋಗಿ, ಒಂದು ಕುರಿಯನ್ನು ಮೊಣಕಾಲ ನಡುವೆ ಅದುಮಿ ನಿಲ್ಲಿಸಿದಳು.

"ಕಣ್ಣು ಮುಚ್ಕ. ಸಂತೇಲಿ ಕುರಿ ಕೊಳ್ಳೋರು ನೋಡಿ ಕೊಳ್ತಾರೇನೇ? ಉಣ್ಣೆ ಒಳಗೆ ಏನೈತಂತ ಕೈಗೇ ಗೊತ್ತಾಗಾದು."

ಚೈತ್ರಾ ಅಂಜುತ್ತಲೇ ಕೈಯಿಟ್ಟಳು. ಬೆನ್ನಿನ ಗೆಣ್ಣುಗಳು, ಸೊಂಟದ ಎರಡು ಮೂಳೆ. ಹಿಂಗಾಲಲ್ಲಿ ಇಳಿಯುತ್ತ, ಹಿಂದಕ್ಕೆ ಬಾಗಿದ ಕೀಲು ಸಿಕ್ಕಿತು.

"ಇದು ಮಂಡಿ ತಾನೆ ಅತ್ತೆ?"

"ಮಂಡಿ ಮ್ಯಾಲೈತೆ, ಹೊಟ್ಟೆ ಪಕ್ಕ. ಇದು ಹಿಮ್ಮಡಿ. ಕುರಿ ಹಿಮ್ಮಡಿ ಎತ್ಕಂಡು ಬೆರಳ ತುದೀಲೇ ನಡೆಯೋದು ಕಣೆ."

ಚೈತ್ರಾ ಅಲ್ಲೇ ತುದಿಗಾಲಲ್ಲಿ ನಿಂತು ನಾಲ್ಕು ಹೆಜ್ಜೆ ಹಾಕಿ ನೋಡಿದಳು. ಮಲ್ಲಕ್ಕ ಬಿದ್ದು ಬಿದ್ದು ನಕ್ಕಳು. ಕೈಗೆ ಹತ್ತಿದ ವಾಸನೆಯನ್ನು ಅವತ್ತು ಚೈತ್ರಾ ತೊಳೆಯಲು ಓಡಲಿಲ್ಲ.

ಮೂರು ವಾರದ ಮೇಲೆ ಮೇಷ್ಟ್ರು ಹೊಸ ಕುರಿಯನ್ನು ತಿರುಗಿಸಿದರು, ನಡೆಸಿದರು, ಮತ್ತೆ ನಡೆಸಿದರು. ಆಮೇಲೆ ಹತ್ತಿರ ತಂದು ನೋಡಿ, "ಎಡಗಿವಿ ಹರಿದೈತಲ್ಲ, ಸರಿಮಾಡಿ" ಎಂದರು.

"ಹರಿದಿಲ್ಲ ಸರ್. ನಮ್ಮತ್ತೆ ಹಿಂಡಿನ ಗುರುತು ಅದು, ಕಿವಿಗೆ ಎರಡು ಕಚ್ಚು. ಈ ಕುರಿ ಅವರು ಕಲಿಸಿದ್ದು. ಗುರುತು ತೆಗೆಯಕ್ಕೆ ನನಗೆ ಮನಸ್ಸಿಲ್ಲ."

ಮೇಷ್ಟ್ರು ಅವಳನ್ನೊಮ್ಮೆ, ಕುರಿಯನ್ನೊಮ್ಮೆ ನೋಡಿದರು. "ಇರಲಿ ಬಿಡಿ. ಸೋಮವಾರದಿಂದ ಕೆಲಸಕ್ಕೆ ಬರ್ರಿ. ಮುಂದಿಂದು ಎಮ್ಮೆ."

ಊರಿಗೆ ಬಂದ ಚೈತ್ರಾ ಲ್ಯಾಪ್‌ಟಾಪು ತೆರೆದು ಆ ಕುರಿಯನ್ನು ಮಲ್ಲಕ್ಕನ ಮುಂದಿಟ್ಟಳು. ಇಷ್ಟು ವರ್ಷ ಮೂಗು ಮುಚ್ಚಿಕೊಂಡವಳನ್ನು ಅದಕ್ಕಾಗಿ ಒಂದು ಮಾತೂ ಹಂಗಿಸದೆ ಕೈಹಿಡಿದು ಕಲಿಸಿದಳಲ್ಲ! "ಕೆಲಸ ಸಿಕ್ಕಿದ್ದು ನಿನ್ನಿಂದ ಅತ್ತೆ" ಎಂದಳು, ಅಷ್ಟೇ. ಮಲ್ಲಕ್ಕ ಪರದೆಯ ಮೇಲಿನ ಕಿವಿಯನ್ನು ಬೆರಳಿಂದ ಸವರಿ, ಎದ್ದು ಹೋದಳು.

ಸಂಜೆ ಎಂದಿನಂತೆ ಒಂದೊಂದೇ ಕುರಿ ಎಣಿಸುತ್ತ ರೊಪ್ಪಕ್ಕೆ ಬಿಟ್ಟಳು. ನಲವತ್ತೆರಡನೆಯದು ಒಳಗೆ ಹೋಯಿತು. ಅವಳ ಹಿಂಡಿನಲ್ಲಿ ಇದ್ದದ್ದೇ ಅಷ್ಟು. ರೊಪ್ಪದ ಬಾಗಿಲಿಗೆ ತಡಿಕೆ ಎಳೆಯುವ ಮುನ್ನ, ಜಗಲಿಯಲ್ಲಿ ಲ್ಯಾಪ್‌ಟಾಪು ಹಿಡಿದು ಕೂತಿದ್ದ ಚೈತ್ರಾಳ ಕಡೆ ತಿರುಗಿ, ಪರದೆಯ ಕುರಿಗೆ ಬೆರಳು ತೋರಿಸಿ, "ನಲವತ್ಮೂರು" ಎಂದಳು.